ಹೆಪ್ಪಿಲ್ಲದ ಬೀದಿ

ಪಾಂಡವಪುರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಮತೀನನಿಗೆ ನಿನ್ನ ಆಪಾಳ ಸಲಾಮು ಮತ್ತು ಬಹಳ ಬಹಳ ದುವಾ.

ಹೇಗಿದ್ದೀಯಪ್ಪಾ? ಮಂಡಿ ನೋವು ಇಳಿಯಿತಾ? ಕಾಂಡ್ಲಾ ಬಂದರಿನ ಉಪ್ಪುಗಾಳಿಗೆ ಕೆಮ್ಮು ಹೆಚ್ಚಾಗುತ್ತಿದೆ ಎಂದು ಫೋನಿನಲ್ಲಿ ಹೇಳಿದ್ದೆ. ಶುಂಠಿ ಜಜ್ಜಿ ಬೆಲ್ಲದ ಜೊತೆ ಕುದಿಸಿ ಕುಡಿ ಅಂದರೆ ಕೇಳುವವನಲ್ಲ ನೀನು. ಆ ಲಾರಿ ಆಫೀಸಿನಲ್ಲಿ ಅನ್ನ ಸಿಗುತ್ತದೋ, ಇನ್ನೂ ಒಣ ರೊಟ್ಟಿಯೋ? ಇಲ್ಲಿ ನಾವು ಅಲ್ಲಾಹನ ದಯೆಯಿಂದ ನಡೆಯುತ್ತಿದ್ದೇವೆ. ನಿನ್ನ ದುಲ್ಹಾಭಾಯಿಗೆ, ಅದೇ ನಮ್ಮ ಯಜಮಾನರಿಗೆ, ಶುಗರ್ ಏರಿದೆ. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಹುಟ್ಟಿ ಸಪ್ಪೆ ಟೀ ಕುಡಿಯುವ ಹಣೆಬರಹ ನೋಡು ಎಂದು ದಿನಾ ನನ್ನನ್ನೇ ಬೈಯುತ್ತಾರೆ, ಸಕ್ಕರೆ ಬಚ್ಚಿಟ್ಟವಳು ನಾನಲ್ಲವಾ. ನನಗೆ ಕಣ್ಣಿಗೆ ಪೊರೆ ಬಂದಿತ್ತು, ಒಂದು ಕಣ್ಣಿನ ಆಪರೇಷನ್ ಆಯಿತು. ಅದಕ್ಕೇ ಅಕ್ಷರ ಇಷ್ಟು ದಪ್ಪ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಾಗುಣಿತ ತಿದ್ದಿಸಿದವಳ ಕೈಬರಹ ಹೀಗಾಯಿತಲ್ಲ ಎಂದು ನಗಬೇಡ.

ಇಡೀ ದೇಶ ವಾಟ್ಸಾಪಿನಲ್ಲಿದೆ. ಮಸೀದಿಯ ಇಮಾಮರು ಇದ್ದಾರೆ, ಹೂವಿನ ಚಿಕ್ಕಬೋರಮ್ಮ ಇದ್ದಾಳೆ. ನೀನೊಬ್ಬ ಇಲ್ಲ. ಅದು ಕಂಪನಿಯ ಬಲೆ, ಒಳಗೆ ಏನಿದೆ ಎಂದು ನೋಡಲು ಬಿಡದ ಸಾಮಾನನ್ನು ನಾನು ಮುಟ್ಟುವುದಿಲ್ಲ ಎಂದು ಗುಂಡಿಯ ಫೋನು ಹಿಡಿದು ಕೂತಿದ್ದೀಯ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಸುಮ್ಮನೆ ಅಂದರಾ? ಫೋನಿನಲ್ಲೇ ಹೇಳೋಣವೆಂದರೆ ನನ್ನ ಮಾತು ಮುಗಿಯುವ ಮೊದಲೇ ನೀನು ವಾದಕ್ಕೆ ನಿಲ್ಲುತ್ತೀಯ. ಕಾಗದದ ಜೊತೆ ವಾದ ಮಾಡಲಾಗುವುದಿಲ್ಲ. ಪೂರ್ತಿ ಓದು.

ಹೋದ ತಿಂಗಳು ನೀನು ಬರೆದೆ. ಹೊಸ ವರ್ಷಕ್ಕೆ ಕೆಲಸ ಬಿಟ್ಟು ಬಂದುಬಿಡುತ್ತೇನೆ, ನಮ್ಮ ಕೆಲಸ ಮತ್ತೆ ಶುರು ಮಾಡುತ್ತೇನೆ, ನಮ್ಮ ಹಳೇ ಜನರಲ್ಲಿ ಯಾರು ಉಳಿದಿದ್ದಾರೆ ನೋಡಿ ಬಾ ಆಪಾ, ತೊಣ್ಣೂರು ಡಿಸ್ಕು ಎಲ್ಲಾದರೂ ಒಂದೇ ಒಂದು ಇದ್ದರೂ ಸಾಕು, ಅದರಲ್ಲಿ ಅಮ್ಮಿ ಇದ್ದಾಳೆ ಎಂದು. ಆ ಕೊನೆಯ ಮಾತು ಓದಿ ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಹೋದೆ. ಬಸ್ಸು ಹತ್ತಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ತಿರುಗಿ ಬಂದೆ. ಸುತ್ತಿ ಬಳಸಿ ಹೇಳುವುದಿಲ್ಲ. ಡಿಸ್ಕು ಸಿಗಲಿಲ್ಲ. ಜನರೂ ಸಿಗಲಿಲ್ಲ. ಕೆಲಸ ಬಿಡಬೇಡ.

ಹೇಗೆ ಸಿಗಲಿಲ್ಲ ಎಂದು ಹೇಳುವ ಮೊದಲು ಹೇಗೆ ಶುರುವಾಯಿತು ಎಂಬುದೇ ನೆನಪಾಗುತ್ತದೆ. ಹಳೇ ಬಸ್ ಸ್ಟ್ಯಾಂಡಿನ ಪಕ್ಕ ನಿನ್ನ ಜೆರಾಕ್ಸ್ ಅಂಗಡಿ. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಡಿಸ್ಕನ್ನು ನೀನು ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಲಿನಕ್ಸ್ ಅಂದೆ, ಯಾವ ಕಂಪನಿಯ ಸೊತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಿ ಹಂಚಬಹುದಾದ ಸಾಫ್ಟ್‌ವೇರ್ ಅಂದೆ. ಪರದೆ ಕಪ್ಪಾಗಿ ಬಿಳಿ ಅಕ್ಷರ ಓಡಿದವು, ಮಗ ಮಿಷನ್ನು ಕೆಡಿಸಿಕೊಂಡ ಎಂದು ಅಮ್ಮಿ ದರ್ಗಾಕ್ಕೆ ಹರಕೆ ಹೊತ್ತಳು. ಅವತ್ತಿನಿಂದ ಪ್ರಿಂಟರ್ ಮಾತ್ರ ಕದಲಲಿಲ್ಲ. ಮಾರ್ಕ್ಸ್ ಕಾರ್ಡ್ ಹಿಡಿದು ನಿಂತ ಗಿರಾಕಿಗಳೆಲ್ಲ ಎದುರು ಅಂಗಡಿಗೆ ಹೋದರು, ನೀನು ಮಾತ್ರ ಹಬ್ಬದ ಹಾಗೆ ಕುಣಿದೆ. ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಇಂಥವರೇ ಸೇರುತ್ತಾರೆ ಎಂದು ರೈಲು ಹತ್ತುತ್ತಿದ್ದೆ. ಬರುವಾಗ ಬಿಸ್ಕತ್ತಿನ ಡಬ್ಬದ ತುಂಬ ಡಿಸ್ಕು. ಆಗಿನ ಫೋನ್ ಲೈನಿನ ಇಂಟರ್‌ನೆಟ್ಟಿನಲ್ಲಿ ಇಳಿಸಿಕೊಳ್ಳಲು ಕೂತರೆ ನಡುವೆ ಯಾರಾದರೂ ಫೋನು ಮಾಡಿ ಎಲ್ಲ ಕಡಿದುಹೋಗುತ್ತಿತ್ತು. ಹಾಗಾಗಿ ದೇಶದಲ್ಲೆಲ್ಲ ಈ ಸಾಫ್ಟ್‌ವೇರ್ ಓಡಾಡಿದ್ದು ಬಸ್ಸು, ರೈಲು, ಜನರ ಕೈಚೀಲದಲ್ಲಿ ಎಂದು ನೀನೇ ಹೇಳುತ್ತಿದ್ದೆ. ಕೇರಳದಲ್ಲಿ ಶಾಲೆಗಳಿಗೇ ಬಂತಂತೆ ಆಪಾ, ನಮ್ಮ ತಾಲೂಕಿಗೂ ಬರುತ್ತೆ ಎಂದು ಎಷ್ಟು ನಂಬಿದ್ದೆ ನೀನು.

ನಮ್ಮ ಜನಕ್ಕೆ ಇದನ್ನು ತಿಳಿಸುವುದು ಹೇಗೆಂದು ನಿನಗೆ ಹೊಳೆದದ್ದು ಪಕ್ಕದ ಮನೆಯ ದ್ಯಾವಮ್ಮನಿಂದ. ಅಮ್ಮಿ ಹೆಪ್ಪು ತರಲು ನಿನ್ನನ್ನು ಲೋಟ ಕೊಟ್ಟು ಕಳಿಸುತ್ತಿದ್ದಳಲ್ಲ, ಮಗ್ರಿಬ್ ಆಜಾನಿಗೆ ಮೊದಲೇ, ಏಕೆಂದರೆ ದೀಪ ಹಚ್ಚಿದ ಮೇಲೆ ದ್ಯಾವಮ್ಮ ಹೆಪ್ಪು ಕೊಡುತ್ತಿರಲಿಲ್ಲ. ಒಂದು ದಿನ ನೀನು ತಮಾಷೆಗೆ ಹೆಪ್ಪಿಗೆ ಎಷ್ಟು ಕೊಡಲಿ ಎಂದು ಕೇಳಿದ್ದಕ್ಕೆ ಆ ಮಹಾತಾಯಿ, "ಎಪ್ಪಿಗೆ ಕಾಸು ಇಸ್ಕಂಡ್ರೆ ನಾಲ್ಗೆ ಬಿದ್ದೋಯ್ತದೆ ಕಣ್ಲಾ. ಕೊಟ್ರೆ ನನ್ನ ಮೊಸ್ರೇನು ಕಮ್ಮಿಯಾದದಾ?" ಎಂದು ಬೈದು ಕಳಿಸಿದಳು. ನೀನು ಅದನ್ನೇ ಹಿಡಿದುಕೊಂಡೆ. ಶಾಲೆ, ಡೈರಿ, ಕಾಲೇಜು, ಎಲ್ಲಿ ನಿಂತರೂ ಹೆಪ್ಪಿನ ಕಥೆ. ಯಾರು ಕೇಳಿದರೂ ನಕಲು ಮಾಡಿ ಕೊಡಿ, ನಿಮ್ಮದು ಕೆಟ್ಟರೆ ಇನ್ನೊಬ್ಬರ ಮನೆಯಲ್ಲಿ ಇದ್ದೇ ಇರುತ್ತದೆ, ಬಚ್ಚಿಡುವವನು ನಮ್ಮವನಲ್ಲ. ನಿಮ್ಮ ಗುಂಪಿಗೆ ಇದೊಂದೇ ಶಾಸ್ತ್ರ. ಬೀರುವಿನಲ್ಲಿ ಒಂದು ಮೂಲ ಪ್ರತಿ ಇಡಿ ಎಂದು ನಾನು ಹೇಳಿದರೆ ಎಲ್ಲರೂ ನನ್ನನ್ನು ಜಿಪುಣಿ ಟೀಚರ್ ಎಂದು ನಕ್ಕಿರಿ.

ಆಮೇಲೆ ತೊಣ್ಣೂರು ಡಿಸ್ಕು, ಶಾಲೆಗಳಿಗೆಂದು ನೀವೇ ಕನ್ನಡದಲ್ಲಿ ಕಟ್ಟಿದ ಲಿನಕ್ಸ್. ಕೆರೆಯ ಏರಿಯ ಮೇಲೆ ಕೂತು ಯೋಚಿಸಿದ್ದಕ್ಕೆ ಆ ಹೆಸರು. ನೀನು, ಶ್ರೀರಂಗಪಟ್ಟಣದಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಧರ್ಮೇಂದ್ರ, ಹೊಸಹೊಳಲಿನ ರಘುನಂದನ್. ಆಗ ಒಬ್ಬರ ಕನ್ನಡ ಫಾಂಟು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಅದು ಹಾಗಾಗಬಾರದು ಎಂದು ರಘು ಒಂದೊಂದೇ ಅಕ್ಷರ ಬರೆದ. ನೀನು ಮೆನುವನ್ನೆಲ್ಲ ಕನ್ನಡಕ್ಕೆ ತಂದೆ. ಹುಡುಗಿ ನೋಡೋಣ ಎಂದರೆ ಡಿಸ್ಕು ಮುಗಿಯಲಿ ಆಪಾ ಅಂದೆ. ಮಕ್ಕಳಿಗೆ ಅಕ್ಷರ ಕಲಿಸುವ ಆಟಕ್ಕೆ ಒಂದು ದನಿ ಬೇಕಿತ್ತು. ನಾನೇ ಹೇಳಬೇಕಿತ್ತು, ಆದರೆ ನನ್ನನ್ನು ಎಲೆಕ್ಷನ್ ಡ್ಯೂಟಿಗೆ ಕೆ.ಆರ್. ಪೇಟೆಗೆ ಹಾಕಿದರು. ನೀನು ಕಾಯಲಿಲ್ಲ. ಅಮ್ಮಿಯನ್ನು ಅಡುಗೆಮನೆಯಲ್ಲೇ ಕೂರಿಸಿ ಮೈಕು ಹಿಡಿದೆ. ಕನ್ನಡ ಓದಲು ಬಾರದ ಅಮ್ಮಿಗೆ ಚಿತ್ರ ತೋರಿಸಿ ಹೇಳಿಸಿದೆ. ದ್ಯಾವಮ್ಮನಿಂದ ಕಲಿತ ಕನ್ನಡ ಅದು, ಹಸುವೆಲ್ಲ ಅಸು, ಹೂವೆಲ್ಲ ಊವು. ಅದು ಸಾಲದೆಂಬಂತೆ ಬಳೆಯ ಚಿತ್ರ ಮುಗಿದು ಭತ್ತಕ್ಕೆ ಬರುವಷ್ಟರಲ್ಲಿ ಬೆಕ್ಕು ಒಲೆಯ ಹತ್ತಿರ ಬಂತು. ಮನೆಯಲ್ಲಿ ಸದಾ ಉರ್ದು ಆಡುವ ಅಮ್ಮಿ ಅವತ್ತು ಕನ್ನಡದ ಗುಂಗಿನಲ್ಲೇ ಇದ್ದಳಲ್ಲ, "ಲೇ ಮತೀನಾ, ಬೆಕ್ಕು ಬಂತು, ಆಲು ನೋಡ್ಲಾ" ಎಂದುಬಿಟ್ಟಳು. ಹಾಗೆಂದು ಅದೇ ಉಸಿರಿಗೆ ಭತ್ತ ಅಂದಳು, ಮರ ಅಂದಳು. ನೀನು ಕತ್ತರಿಸಲಿಲ್ಲ. ನಾನು ಬಂದು ಕೇಳಿ ತಲೆ ಚಚ್ಚಿಕೊಂಡು, ತೆಗೆದು ಸರಿಯಾಗಿ ಹೇಳಿಸು, ಮಕ್ಕಳು ಇದನ್ನೇ ಕಲಿಯುತ್ತಾರೆ ಅಂದೆ. ಅಷ್ಟರಲ್ಲಿ ಡಿಸ್ಕೆಲ್ಲ ಶಾಲೆಗಳಿಗೆ ಹೋಗಿ ಆಗಿತ್ತು. ಅಮ್ಮಿ ಹೋದ ಮೇಲೆ ನಮಗೆ ಉಳಿದದ್ದು ಒಂದು ರೇಷನ್ ಕಾರ್ಡಿನ ಫೋಟೋ. ದನಿ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ಈಗ ನಾನು ನೋಡಿ ಬಂದದ್ದು ಕೇಳು. ಮೊದಲು ಶ್ರೀರಂಗಪಟ್ಟಣ. ಧರ್ಮೇಂದ್ರನ ಸೈಬರ್ ಅಂಗಡಿ ಇದ್ದ ಜಾಗದಲ್ಲಿ ಈಗ ಟೂರಿಸ್ಟುಗಳಿಗೆ ಕಬ್ಬಿನ ಹಾಲು ಮಾರುತ್ತಾನೆ. ನನ್ನನ್ನು ನೋಡಿ ಎದ್ದು ನಿಂತ, ದುಡ್ಡು ಬೇಡವೆಂದು ಲೋಟದ ತುಂಬ ಕೊಟ್ಟ. ಕಂಪ್ಯೂಟರುಗಳನ್ನೆಲ್ಲ ಮೈಸೂರಿನ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದನಂತೆ. ನಿಮ್ಮ ಕೆಲಸ ಯಾಕೆ ನಿಂತುಹೋಯಿತಪ್ಪಾ ಎಂದು ಕೇಳಿದೆ. "ಎಲ್ಲಾರ್ ಮಿಷನ್ನಲ್ಲೂ ಇದ್ದುದ್ದು ಕಂಪ್ನಿಯಿಂದ ಕದ್ದು ಕಾಪಿ ಮಾಡುದ್ ಮಾಲೇ ಕಣಕ್ಕ. ಅದೂ ಪುಕ್ಕಟೆ, ನಮ್ಮುದೂ ಪುಕ್ಕಟೆ. ಕದ್ದುದ್ರಲ್ಲಿ ಪ್ರಿಂಟರ್ ಓಡ್ತಿತ್ತು" ಅಂದ. ನೀನು ಸ್ವಾತಂತ್ರ್ಯ ಅನ್ನುತ್ತಿದ್ದೆ, ಜನ ಪುಕ್ಕಟೆ ಎಂದು ಕೇಳಿಸಿಕೊಂಡರು, ಪುಕ್ಕಟೆ ನಮ್ಮ ದೇಶದಲ್ಲಿ ಮೊದಲೇ ಬೇಕಾದಷ್ಟಿತ್ತು. ಡಿಸ್ಕು ಕೇಳಿದರೆ, "ಕೇಳ್ದೋರ್ಗೆಲ್ಲ ಅಂಚ್ಬುಟ್ಟೆ, ರಘು ತಾವ ಇರ್ತದೆ" ಎಂದ.

ಕೆ.ಆರ್. ಪೇಟೆಗೆ ಹೋದೆ. ರಘು ಬಸ್ ಸ್ಟ್ಯಾಂಡ್ ಎದುರು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದಾನೆ. ತಲೆ ಪೂರ್ತಿ ಬೆಳ್ಳಗಾಗಿದೆ. ಪಹಣಿ, ಆಧಾರ್, ಪಿಂಚಣಿ ಎಂದು ಹೆಂಗಸರು ಸಾಲು ನಿಂತಿದ್ದರು, ಒಬ್ಬೊಬ್ಬರ ಫೋನಿಗೂ ಬರುವ ಓಟಿಪಿಯನ್ನು ಕೂಗಿ ಹೇಳಿಸಿಕೊಂಡು ಕುಟ್ಟುತ್ತಿದ್ದ. ಒಂದು ಕಾಲಕ್ಕೆ ಕನ್ನಡದ ಒತ್ತಕ್ಷರ ಎಲ್ಲಿ ಕೂರಬೇಕೆಂದು ಹೊಸಹೊಳಲು ದೇವಸ್ಥಾನದ ಜಗಲಿಯ ಮೇಲೆ ನಿನ್ನ ಜೊತೆ ಜಗಳ ಆಡಿದ ಹುಡುಗ. ನೀನು ಬರುತ್ತೀಯ ಎಂದಾಗ ಅವನ ಮುಖ ಒಂದು ಗಳಿಗೆ ಬೆಳಗಿತು. ಸುಳ್ಳು ಹೇಳುವುದಿಲ್ಲ, ಬೆಳಗಿತು. ಆಮೇಲೆ, "ಬ್ಯಾಡ ಅಂತ ಏಳಕ್ಕ. ನಾವ್ ಮಾಡುದ್ದೆಲ್ಲ ವಳೇಲಿ ಉಣ್ಸೆಣ್ಣು ತೊಳ್ದಂಗಾಯ್ತು. ಈಗ ಫೋನಲ್ಲೇ ಕನ್ನಡ ಬತ್ತದೆ, ಯಾರು ತಂದ್ರು ಅಂತ ಯಾರ್ ಕೇಳ್ತಾರೆ?" ಎಂದ. ಡಿಸ್ಕು ಅವನ ಹತ್ತಿರವೂ ಇಲ್ಲ. ಇಂಟರ್‌ನೆಟ್ಟಿಗೆ ಏರಿಸಿದ್ದ ಜಾಗವೇ ಮುಚ್ಚಿ ಎಷ್ಟೋ ವರ್ಷವಾಯಿತಂತೆ. ಅವನೂ ಅದೇ ಮಾತು ಅಂದ, ಮತೀನನ ಹತ್ತಿರ ಇರುತ್ತದೆ ಎಂದುಕೊಂಡಿದ್ದೆ ಅಂತ. ನೀನು ರಘುವಿನ ಹತ್ತಿರ ಇರುತ್ತದೆ ಅಂದುಕೊಂಡಿದ್ದೆ. ಎಲ್ಲರೂ ಕೊಟ್ಟಿರಿ, ಒಬ್ಬರೂ ಇಟ್ಟುಕೊಳ್ಳಲಿಲ್ಲ. ಇಂಥ ತಪ್ಪು ಮಾಡಲು ನಿಮ್ಮಂಥ ಒಳ್ಳೆಯವರೇ ಬೇಕು, ನನಗೆ ಎಷ್ಟು ಸಿಟ್ಟು ಬಂತೆಂದರೆ ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ರೇಗಿದೆ.

ಕೊನೆಗೆ ನಾಗಮಂಗಲ. ಬೆಳ್ಳೂರು ದಾರಿಯಲ್ಲಿ ಬೋರಯ್ಯನವರ ಊರು, ಜ್ಞಾಪಕ ಇದೆಯಲ್ಲ? ಶಾಲೆಯ ಸಮಿತಿ ಅಧ್ಯಕ್ಷರಾಗಿದ್ದವರು, ನಿನ್ನ ಹೆಪ್ಪಿನ ಕಥೆ ಕೇಳಿ ಟ್ರಾಕ್ಟರಿನಲ್ಲಿ ಕಂಪ್ಯೂಟರು ತಂದು ಇಳಿಸಿದವರು. ಈಗ ಮಕ್ಕಳೆಲ್ಲ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ, ಶಾಲೆಗೆ ಬೀಗ. ಕಿಟಕಿಯಲ್ಲಿ ಇಣುಕಿದೆ, ಕಂಪ್ಯೂಟರುಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇದೆ, ಅದರೊಳಗೆ ಇಲಿ ಮರಿ ಹಾಕಿದೆ. ಡಿಸ್ಕಿನ ಮಾತೆತ್ತಿದ ಕೂಡಲೇ ಬೋರಯ್ಯನವರು ಖುಷಿಯಾಗಿ, "ಅವಾ? ಅವೆಯಲ್ಲ ಮೇಡಮ್ಮಾರೆ, ಬನ್ನಿ ತೋರುಸ್ತೀನಿ" ಎಂದು ರಾಗಿ ಹೊಲಕ್ಕೆ ಕರೆದುಕೊಂಡು ಹೋದರು. ತೆನೆ ಕಟ್ಟಿದ ಹೊಲದ ಸುತ್ತ ದಾರ ಕಟ್ಟಿ, ದಾರಕ್ಕೆ ಡಿಸ್ಕು ಪೋಣಿಸಿದ್ದರು. "ಮಿಣಮಿಣ ಅಂತವಲ್ಲ, ಗಿಣಿ ಬರಾಕಿಲ್ಲ." ಒಂದೊಂದನ್ನೂ ತಿರುಗಿಸಿ ನೋಡಿದೆ. ಒಂದರ ಮೇಲೆ ನಿನ್ನ ಕೈಬರಹ, ತೊಣ್ಣೂರು, ಕೆಳಗೆ ನಕಲು ಮಾಡಿ ಕೊಡಿ. ಬೆಳ್ಳಿಯ ಪದರವೆಲ್ಲ ಸುಲಿದುಹೋಗಿ ಅದರ ಮೂಲಕ ರಾಗಿ ತೆನೆ ಕಾಣುತ್ತಿತ್ತು. ಬಿಚ್ಚಿ ತಂದು ಇಲ್ಲಿ ಪಾಂಡವಪುರದ ಎರಡು ಮೂರು ಕಂಪ್ಯೂಟರ್ ಅಂಗಡಿಯಲ್ಲಿ ತೋರಿಸಿದೆ. ಇದರಲ್ಲಿ ಏನೂ ಉಳಿದಿಲ್ಲ, ಉಳಿದಿದ್ದರೂ ಇದನ್ನು ಹಾಕುವ ಮಿಷನ್ನೇ ನಮ್ಮಲ್ಲಿಲ್ಲ ಎಂದರು. ಬೋರಯ್ಯನವರ ಮಗಳು ಪ್ರಿಯಾಂಕ ಎರಡನೇ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಆ ಶಾಲೆಯಲ್ಲೇ ಓದಿದವಳು, ಅವಳು ಕೊಟ್ಟ ಟೀ ಕುಡಿದು ಬಸ್ಸು ಹಿಡಿದೆ.

ಬಂದ ಮರುದಿನ ನಮ್ಮ ಮನೆಯ ಮೊಸರು ಕೆಟ್ಟಿತ್ತು. ಲೋಟ ಹಿಡಿದು ದ್ಯಾವಮ್ಮನ ಮನೆಗೆ ಹೋದೆ. ಪಾಪ, ಈಗ ಅವಳಿಗೆ ಕಿವಿ ಕೇಳುವುದಿಲ್ಲ. ಸೊಸೆ ಫ್ರಿಜ್ಜಿನಿಂದ ಪಾಕೆಟ್ ಮೊಸರು ತೆಗೆದುಕೊಟ್ಟಳು. ಅದರಲ್ಲಿ ಹೆಪ್ಪು ಹಾಕಿದರೆ ಲೋಳೆ ಲೋಳೆಯಾಗುತ್ತದೆ. ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲ ಕಡೆ ಪಾಕೆಟ್ಟೇ. ಬೀದಿಗೆ ಬೀದಿಯೇ ಕೊಂಡು ತಿನ್ನುತ್ತಿದೆ, ಕೇಳಿದರೆ ಕೊಡುವ ಮನಸ್ಸಿದೆ, ಕೊಡಲು ಯಾರ ಮನೆಯಲ್ಲೂ ಇಲ್ಲ. ಖಾಲಿ ಲೋಟ ಹಿಡಿದು ನಡುಬೀದಿಯಲ್ಲಿ ನಿಂತಾಗ ನಿನ್ನ ಇಡೀ ಕಥೆ ನನಗೆ ಅರ್ಥವಾಯಿತು. ಇನ್ನೊಬ್ಬರ ಮನೆಯಲ್ಲಿ ಇದ್ದೇ ಇರುತ್ತದೆ ಎಂಬ ನಂಬಿಕೆ ನಿನ್ನದು. ಅವರು ಮಾಡುವುದನ್ನು ಬಿಟ್ಟರೆ? ನೀನು ಐವತ್ತರ ಹತ್ತಿರ ಬಂದೆ ಮತೀನ್. ಇಲ್ಲಿ ನಿನಗಾಗಿ ಯಾರೂ ಕಾದಿಲ್ಲ, ಬೈಯುವವರೂ ಇಲ್ಲ, ಮರೆತಿದ್ದಾರೆ ಅಷ್ಟೆ. ಕೈಯಲ್ಲಿರುವ ಕೆಲಸ ಬಿಟ್ಟು ಬಂದು ಬೀಗ ಹಾಕಿದ ಶಾಲೆಗಳ ಮುಂದೆ ನೀನು ನಿಲ್ಲುವುದನ್ನು ನಾನು ನೋಡಲಾರೆ. ಅಮ್ಮಿಯ ದನಿಯನ್ನು ನಾನು ಮರೆಯುತ್ತಾ ಬಂದಿದ್ದೇನೆ, ನೀನೂ ಮರೆ. ಇದನ್ನು ಬರೆಯಲು ನನಗೆಷ್ಟು ಸಂಕಟವಾಯಿತೆಂದು ದೇವರಿಗೇ ಗೊತ್ತು.

ವೇಳೆಗೆ ಸರಿಯಾಗಿ ಉಣ್ಣು. ಮಂಡಿಗೆ ಎಣ್ಣೆ ಹಚ್ಚು. ದುಲ್ಹಾಭಾಯಿ ಸಲಾಮು ಹೇಳಿದ್ದಾರೆ. ದ್ಯಾವಮ್ಮನ ಕಿವಿಯಲ್ಲಿ ನಿನ್ನ ಹೆಸರು ಕೂಗಿ ಹೇಳಿದೆ, ಒಳ್ಳೇದಾಗ್ಲಿ ಅನ್ನು ಎಂದಳು. ಅಲ್ಲಾಹ್ ನಿನ್ನನ್ನು ಸುಖವಾಗಿಡಲಿ.

ನಿನ್ನ ಆಪಾ,
ಫಕ್ರುನ್ನೀಸಾ

ತಾ.ಕ. — ದುಲ್ಹಾಭಾಯಿ ಅಂಚೆಗೆ ಹಾಕಲು ಸ್ಕೂಟರ್ ಶುರು ಮಾಡಿ ನಿಂತಿದ್ದಾರೆ. ಒಂದು ಮಾತು ಬರೆಯಬಾರದು ಎಂದುಕೊಂಡಿದ್ದೆ, ಬರೆದರೆ ಬಂದುಬಿಡುತ್ತೀಯ ಎಂದು. ಆದರೆ ಬಚ್ಚಿಡಲು ಆಗುತ್ತಿಲ್ಲ. ಬೋರಯ್ಯನವರ ಮನೆಯಲ್ಲಿ ನಾನು ಟೀ ಕುಡಿಯುವಾಗ ಪ್ರಿಯಾಂಕಳ ಮೊದಲ ಮಗಳು ಚಿನ್ನು ಜಗಲಿಯ ಮೇಲೆ ಅಕ್ಷರ ಹೇಳುತ್ತಿದ್ದಳು. ಇನ್ನೂ ಐದು ತುಂಬಿಲ್ಲ, ಡಿಸ್ಕು ಅಂದರೆ ಏನೆಂದೇ ಗೊತ್ತಿಲ್ಲ, ಅಮ್ಮ ಹೇಳಿಕೊಟ್ಟದ್ದು. "ಫ ಫಲ, ಬ ಬಳೆ, ಲೇ ಮತೀನಾ ಬೆಕ್ಕು ಬಂತು ಆಲು ನೋಡ್ಲಾ, ಭ ಭತ್ತ, ಮ ಮರ." ಅದೇ ರಾಗ, ಆಲು ನೋಡ್ಲಾ ಅನ್ನುವಾಗ ಅಮ್ಮಿ ಎಳೆಯುತ್ತಿದ್ದ ಅದೇ ಎಳೆತ. ಮತೀನ ಅಂದರೆ ಯಾರು ಮಗಾ ಎಂದು ಕೇಳಿದೆ. ಬೆಕ್ಕಿನ ಹೆಸರಂತೆ. ಕಾನ್ವೆಂಟಿನ ಮಿಸ್ಸು ಅದು ತಪ್ಪು ಎಂದು ದಿನಾ ತಿದ್ದುತ್ತಿದ್ದಾರಂತೆ, ಪರೀಕ್ಷೆಯ ಹೊತ್ತಿಗೆ ಬಿಡಿಸುತ್ತಾರಂತೆ. ಕೆಲಸ ಬಿಡಬೇಡ, ಆದರೆ ರಜೆ ಹಾಕು. ಅವಳು ಮರೆಯುವುದರೊಳಗೆ ಬಾ.